ಇಳಿಜಾರಿನ ಕಡೆಯ ಸಾಲು

ಗೂಳಿಯಣ್ಣನಿಗೆ ಸಾಕಾಗಿತ್ತು. ಬೀರು ಹೊತ್ತು ಸಾಕಾಗಿತ್ತು, ಮಂಚ ಇಳಿಸಿ ಸಾಕಾಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಗೂಳಿಯನ್ನು ಹೊಗಳಿ ಹೊಗಳಿ ಸಾಕುಸಾಕಾಗಿ ಹೋಗಿತ್ತು. ಗೂಳಿ ಎಂದರೆ ದನವಲ್ಲ, ಪಿಕಪ್ ಗಾಡಿ. ಮೂತಿಯ ಮೇಲೆ ಕೋಡು ಬಾಗಿಸಿದ ಗೂಳಿಯ ಗುರುತಿರುವ ಕಂಪನಿಯದು. ಅವನು ಹರೆಯದಲ್ಲಿ ಕೊಂಡ ಮೊದಲ ಗಾಡಿಯೂ ಅದೇ, ಈಗ ಓಡಿಸುವುದೂ ಅದೇ. ಅಪ್ಪ ಅಮ್ಮ ಇಟ್ಟ ಹೆಸರು ಹೆಂಡತಿಗೇ ಮರೆತುಹೋಗುವಷ್ಟು ಕಾಲದಿಂದ ಎಲ್ಲರೂ ಅವನನ್ನು ಗೂಳಿಯಣ್ಣ ಎಂದೇ ಕರೆಯುತ್ತಿದ್ದರು.

ಮಂಚ, ಬೀರು, ಸೋಫಾ ಮಾರುವ ಅಂಗಡಿಗಳ ಬೀದಿಯ ಕೊನೆಯಲ್ಲಿ ಪಿಕಪ್ ಸ್ಟ್ಯಾಂಡು. ಸಾಮಾನು ಸಾಗಿಸುವುದು ಅಲ್ಲಿಯವರ ಕಸುಬು. ಬಾಡಿಗೆ ಬರುವ ತನಕ ಜಗಳ ಆಡುವುದು ಅವರ ಚಟ. ಅರ್ಧ ಜನ ಗೂಳಿಯವರು, ಇನ್ನರ್ಧ ಹದ್ದಿನ ಗುರುತಿನ ಗಾಡಿಯವರು. ಒಂದೇ ಬೆಂಚು, ಒಂದೇ ಟೀ ಅಂಗಡಿ, ಆದರೆ ಗಾಡಿಯ ಮಾತು ಬಂತೋ, ಹಾವು ಮುಂಗುಸಿ. ಅಲ್ಲಿ ಒಂದು ಕಟ್ಟಳೆಯೂ ಇತ್ತು. ಗಾಡಿ ಕೆಟ್ಟು ಎದುರು ಪಕ್ಷದ ಗಾಡಿಯಿಂದ ಎಳೆಸಿಕೊಂಡು ಬಂದವನು ವಾರವೆಲ್ಲ ತನ್ನ ಗಾಡಿಯ ಮೂತಿಗೆ ಗೋಣಿಚೀಲ ಕಟ್ಟಿಕೊಂಡು ಓಡಾಡಬೇಕು. ಗುರುತು ಕಾಣಬಾರದು. ಅಂಗಡಿ ಮಾಲೀಕರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಹಲ್ಲುಕಿರಿಯುತ್ತಾರೆ. ಗೂಳಿಯಣ್ಣನ ಗಾಡಿಗೆ ಗೋಣಿ ಬಿದ್ದದ್ದೇ ಇಲ್ಲ.

ತಿಂಗಳಿಗೊಮ್ಮೆ ಯಾವ ಗಾಡಿ ಎಷ್ಟು ಮಾರಿತು ಎಂಬ ಸುದ್ದಿ ಬರುತ್ತಿತ್ತು. ಅದನ್ನು ಫೋನಿನಲ್ಲಿ ನೋಡಿ ಗಟ್ಟಿಯಾಗಿ ಓದುವವನು ರೇಡಿಯೊ. ಹದ್ದಿನವರ ಮುಖಂಡ, ಬಾಯಿ ತೆರೆದರೆ ಆರಿಸುವ ಗುಂಡಿಯೇ ಇಲ್ಲದ ಆಸಾಮಿ.

“ಕೇಳ್ರಪ್ಪೋ! ಈ ತಿಂಗಳೂ ಹದ್ದೇ ಮೊದಲು. ಗೂಳಿ ನಾಲ್ಕಕ್ಕೆ ಜಾರಿತು. ಗೂಳಿಯಣ್ಣ, ಎಲ್ಲರಿಗೂ ಟೀ ಹೇಳು!”

“ಜಾಸ್ತಿ ಜನ ತಗೊಂಡ್ರೆ ಒಳ್ಳೇದು ಅಂತಾನೋ? ನೆಗಡೀನೂ ಊರಿಗೆಲ್ಲ ಬರುತ್ತೆ. ನನ್ನ ಗೂಳಿ ಇವತ್ತಿನವರೆಗೂ ದಾರೀಲಿ ಕೈಕೊಟ್ಟಿಲ್ಲ. ನಿನ್ನ ಹದ್ದು ನಿಂತ ಕಡೆಯೆಲ್ಲ ಎಣ್ಣೆ ಉಚ್ಚೆ ಹೊಯ್ಯುತ್ತೆ. ಮೊದಲು ಅದಕ್ಕೆ ಚಡ್ಡಿ ಹಾಕು, ಹೋಗು!”

ಗೂಳಿಯವರು ಹೋ ಎಂದು ನಗುತ್ತಿದ್ದರು. ಅವನಿಗೆ ನಗು ಬರುತ್ತಿರಲಿಲ್ಲ. ಅದೇ ಮಾತು, ಅದೇ ಚಡ್ಡಿ, ಎಷ್ಟು ವರ್ಷದಿಂದ!

ದಾರಿಯಲ್ಲಿ ಕೈಕೊಟ್ಟಿಲ್ಲ ಎಂಬುದೇನೋ ನಿಜವೇ. ಕೈಕೊಡುತ್ತಿದ್ದದ್ದು ಮನೆಯ ಮುಂದೆ. ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರನ್ನು ಕಂಪನಿಯ ಯಾವ ಮಹಾಶಯ ರಸ್ತೆಯ ಕೆಸರು ನೇರ ಹೊಡೆಯುವ ಜಾಗದಲ್ಲಿ ಕೂರಿಸಿದನೋ, ಅವನ ತಲೆಗಿಷ್ಟು! ಹೊಸದು ಹಾಕಿಸಿದರೂ ಮೊದಲ ಮಳೆಗೆ ಅದರ ಕಥೆ ಮುಗಿಯುತ್ತಿತ್ತು. ಹಾಕಿಸಿ ಹಾಕಿಸಿ ಸೋತು, ಕೊನೆಗೆ ಗೂಳಿಯಣ್ಣ ಸ್ಟ್ಯಾಂಡಿನಲ್ಲಿ ಇಳಿಜಾರಿನ ಕಡೆ ನಿಲ್ಲಿಸಲು ಶುರುಮಾಡಿದ. ಬ್ರೇಕ್ ಬಿಟ್ಟು, ಗಾಡಿ ಉರುಳುವಾಗ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಏಳುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರುಬರುತ್ತ ಉಳಿದ ಗೂಳಿಗಳೂ ಒಂದೊಂದಾಗಿ ಅವನ ಹಿಂದೆ ಬಂದು ನಿಂತವು. ಅಲ್ಲಿ ಒಂದು ಮರವಿತ್ತು. ನೆರಳಿಗೆ ನಿಲ್ಲಿಸುತ್ತಾರೆ ಎಂದು ಹದ್ದಿನವರು ತಿಳಿದರು. ಗೂಳಿಯವರು ಮಾತ್ರ ಗಾಡಿ ಹೊರಡಿಸುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರಿಗೂ ಎಲ್ಲರದೂ ಗೊತ್ತು, ಬಾಯಿ ಬಿಡುವವರಿಲ್ಲ.

ಆ ಸಾಲಿನ ಕೊನೆಯ ಗಾಡಿ ಮೌನಿಯದು. ಹೆಸರಿಗೆ ತಕ್ಕ ಮನುಷ್ಯ, ಕೇಳಿದರಷ್ಟೇ ಮಾತು. ಸ್ಟ್ಯಾಂಡಿಗೆ ಹೊಸದಾಗಿ ಬಂದಾಗ ಯಾವ ಗಾಡಿ ಕೊಳ್ಳಲಿ ಎಂದು ಕೇಳಿದ್ದ. ಗೂಳಿಯಣ್ಣ ಅವನ ಹೆಗಲ ಮೇಲೆ ಕೈಹಾಕಿ, “ಕಣ್ಮುಚ್ಕೊಂಡು ಗೂಳಿ ತಗೋ” ಎಂದಿದ್ದ. ಅವನು ಹಾಗೇ ಮಾಡಿದ್ದ.

ಗೂಳಿಯಣ್ಣನ ಮನೆಯ ಬೀದಿಯಲ್ಲಿ ಇಳಿಜಾರಿನ ಸುಳಿವೇ ಇರಲಿಲ್ಲ. ಗಾಡಿಯನ್ನು ರಾತ್ರಿ ಸ್ಟ್ಯಾಂಡಿನಲ್ಲೇ ಬಿಟ್ಟರೆ ಯಾಕೆ ಎಂದು ಯಾರಾದರೂ ಕೇಳಿಯಾರು. ಅದಕ್ಕೇ ದಿನವೂ ಮನೆಗೆ ತರುತ್ತಿದ್ದ. ಬೆಳಗ್ಗೆ ಬೀದಿ ಏಳುವ ಮುಂಚೆ ಹಿಂದಿನಿಂದ ತಳ್ಳುತ್ತಿದ್ದವರು ಹೆಂಡತಿ ಮತ್ತು ಮಗಳು. ಬಟ್ಟೆ ಮಸಿಯಾಗದಿರಲೆಂದು ಮಗಳು ಶಾಲೆಯ ಸಮವಸ್ತ್ರ ಹಾಕುವ ಮೊದಲೇ ಬಂದು ತಳ್ಳುತ್ತಿದ್ದಳು. ಮುಖಕ್ಕೆ ಹೊಗೆ ಹೊಡೆದರೆ ಎಂಜಿನ್ ಎದ್ದಿತೆಂದು ಅವರಿಗೆ ಗೊತ್ತಾಗುತ್ತಿತ್ತು. ನಿಲ್ಲಿಸಿದರೆ ಎಲ್ಲಿ ಆರಿಹೋಗುವುದೋ ಎಂದು ಅವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡುತ್ತ ಹಾಗೇ ಹೊರಟುಬಿಡುತ್ತಿದ್ದ. ಮಗಳ ಮದುವೆಯಾದ ಮೇಲೆ ಹೆಂಡತಿ ಒಬ್ಬಳೇ ತಳ್ಳುತ್ತಿದ್ದಳು.

ಅಳಿಯ ಕೆಲಸ ಮಾಡುತ್ತಿದ್ದ ಗೋದಾಮು ಮುಚ್ಚಿಹೋಯಿತು. ತಾನೂ ಪಿಕಪ್ ಓಡಿಸುತ್ತೇನೆ ಎಂದು ಅವನು ತೀರ್ಮಾನಿಸಿದ. ಒಂದು ಸಂಜೆ ಫೋನು ಬಂತು. “ಮಾವ, ನಾಳೆ ಸ್ಟ್ಯಾಂಡಿಗೆ ಬರ್ತೀನಿ. ಗೂಳಿನೋ ಹದ್ದೋ ನೀವೇ ಹೇಳ್ಬೇಕು. ನೀವು ಹೇಳಿದ್ದನ್ನೇ ಬುಕ್ ಮಾಡೋದು.”

ಮರುದಿನ ಬೆಳಗ್ಗೆ ಗಾಡಿ ತಳ್ಳಲು ಬಂದ ಹೆಂಡತಿ ಕೈ ಹಚ್ಚಲಿಲ್ಲ. ಕಿಟಕಿಯ ಹತ್ತಿರ ಬಂದು ನಿಂತಳು.

“ಮಗಳ ಮನೆ ಬೀದೀನೂ ಸಮತಟ್ಟೇ” ಎಂದಳು.

“ಏನೀಗ?”

“ಇಲ್ಲಿ ತಳ್ಳಿದ್ದು ಸಾಲದೂಂತ ಅಲ್ಲೂ ತಳ್ಳಿಸ್ತೀರಾ ಅವಳ ಕೈಲಿ?”

“ಸುಮ್ನಿರೇ, ಹೊತ್ತಾಯ್ತು.”

“ಸುಮ್ನೇ ಇದ್ದೀನಲ್ಲ, ಇಷ್ಟು ವರ್ಷ.”

ಹಿಂದೆ ಹೋಗಿ ತಳ್ಳಿದಳು. ಕೆಮ್ಮಿದ ಸದ್ದು ಕೇಳಿಸಿತು. ಅವನು ಎಂದಿನಂತೆ ನಿಲ್ಲಿಸದೆ ಹೊರಟ, ಆದರೆ ದಾರಿಯುದ್ದಕ್ಕೂ ಮನಸ್ಸು ಎಲ್ಲೂ ನಿಲ್ಲಲಿಲ್ಲ. ಹದ್ದು ತಗೊಳ್ಳಿ ಎಂದರೆ ಜೀವಮಾನದ ಮಾನ ಮೂರು ಕಾಸಿಗೆ. ಗೂಳಿ ಎಂದರೆ ಮಗಳ ಹೆಗಲಿಗೆ ಮತ್ತೆ ಅದೇ ಗಾಡಿ. ಅಳಿಯನನ್ನು ಮೂಲೆಗೆ ಕರೆದು ಕಿವಿಯಲ್ಲಿ ಹೇಳಿ ಕಳಿಸಿಬಿಡೋಣ ಎಂದುಕೊಂಡ. ಹಾಗಾದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಆದರೆ ರೇಡಿಯೊ ಇರುವಲ್ಲಿ ಮೂಲೆ ಎಲ್ಲಿಂದ ಬರಬೇಕು? ಗೂಳಿಯಣ್ಣ ಒಂದು ಬಾಡಿಗೆ ಮುಗಿಸಿ ಬರುವಷ್ಟರಲ್ಲಿ ಅಳಿಯನನ್ನು ಬೆಂಚಿನ ನಡುವೆ ಕೂರಿಸಿ, ಕೈಗೆ ಟೀ ಕೊಟ್ಟು, ಹದ್ದಿನ ಪುರಾಣ ಅರ್ಧ ಹೇಳಿಯಾಗಿತ್ತು. ಸ್ಟ್ಯಾಂಡಿಗೆ ಸ್ಟ್ಯಾಂಡೇ ಸುತ್ತ ನೆರೆದಿತ್ತು.

“ಬಂದ್ರು ನೋಡಿ ನಿಮ್ಮ ಮಾವ” ಎಂದ ರೇಡಿಯೊ. “ಹೇಳಪ್ಪ ಗೂಳಿಯಣ್ಣ, ಅಳಿಯಂದಿರಿಗೆ ಯಾವುದು?”

ಎಲ್ಲರೂ ಅವನ ಬಾಯಿ ನೋಡಿದರು. ಅಳಿಯ ಎದ್ದು ನಿಂತ. ಗೂಳಿಯವರ ಮುಖದಲ್ಲಿ ಆಗಲೇ ನಗು. ಚಡ್ಡಿಯ ಮಾತಿಗೆ ಕಾಯುತ್ತಿದ್ದರು.

“ನನ್ನ ಗೂಳಿ ಇವತ್ತಿನವರೆಗೂ...” ಎಂದು ನಾಲಿಗೆ ತಾನಾಗಿಯೇ ಶುರುಮಾಡಿತು. ಅಲ್ಲಿಗೇ ನಿಂತಿತು. ಬೆಳಗಿನ ಕೆಮ್ಮು ನೆನಪಾಯಿತು. ಎಷ್ಟು ದಣಿವಾಯಿತೆಂದರೆ ಅಲ್ಲೇ ಕುಕ್ಕರಿಸಿ ಕೂತುಬಿಡೋಣ ಅನ್ನಿಸಿತು.

“ಬೇಡ” ಎಂದ. “ಗೂಳಿ ಬೇಡ ಅಳಿಯಂದಿರೇ. ಸೆಲ್ಫ್ ನಿಲ್ಲಲ್ಲ ಇದರದ್ದು. ದಿನಾ ಬೆಳಗ್ಗೆ ನಿಮ್ಮತ್ತೆ ತಳ್ತಾಳೆ. ನಿಮ್ಮ ಹೆಂಡ್ತೀನೂ ತಳ್ಳಿದಾಳೆ, ಚಿಕ್ಕವಳಿದ್ದಾಗಿಂದ. ನಾವು ಈ ಕಡೆ ನಿಲ್ಲಿಸೋದು ನೆರಳಿಗಲ್ಲ.”

ಯಾರೂ ನಗಲಿಲ್ಲ. ಗೂಳಿಯವರು ನೆಲ ನೋಡಿದರು. ರೇಡಿಯೊ ಟೀ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಆಮೇಲೆ, “ನಮ್ಮದು ಎಣ್ಣೆ ಸೋರೋದೂ ನಿಜಾನೇ ಕಣ್ರೀ. ನೋಡ್ಕೊಂಡು ತಗೊಳ್ಳಿ” ಎಂದ, ಸಣ್ಣ ದನಿಯಲ್ಲಿ.

“ಆಯ್ತು ಮಾವ” ಎಂದ ಅಳಿಯ. ಅಷ್ಟೇ ಅಂದದ್ದು. ಆದರೆ ಮಾವನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಬೀರು ಇಳಿಸಿದ ಮೇಲೆ ಬೆನ್ನು ನೆಟ್ಟಗಾದಂತೆ ಗೂಳಿಯಣ್ಣನಿಗೆ ಹಗುರವಾಯಿತು. ಆ ಹಗುರ ಒಂದು ಉಸಿರಿನಷ್ಟು ಹೊತ್ತು ಉಳಿಯಿತೋ ಇಲ್ಲವೋ, ಹಿಂದಿನಿಂದ ಮೌನಿ ಎದ್ದು ಬಂದ.

“ಗೂಳಿಯಣ್ಣ, ಅವತ್ತು ಇದೇ ಬೆಂಚಲ್ಲಿ ಕೂತು ನಾನೂ ಕೇಳಿದ್ದೆ.”

ಗೂಳಿಯಣ್ಣ ಅವನ ಕಡೆ ತಿರುಗಿದ.

“ನನ್ನ ಹೆಂಡ್ತಿಗೆ ಬೆನ್ನು ಹಿಡ್ಕೊಂಡಿದೆ. ಆದ್ರೂ ದಿನಾ ತಳ್ತಾಳೆ. ನಾನೂ ನಿಮ್ಮ ಅಳಿಯ ಆಗಿದ್ರೆ ನನಗೂ ನಿಜ ಹೇಳ್ತಿದ್ರೇನೋ.”

ದನಿ ಏರಿಸಲಿಲ್ಲ, ಬೈಯಲಿಲ್ಲ. ಹೋಗಿ ಗಾಡಿ ಹತ್ತಿ, ಬ್ರೇಕ್ ಬಿಟ್ಟು, ಎಲ್ಲರೆದುರೇ ಇಳಿಜಾರಿನಲ್ಲಿ ಉರುಳಿಸಿಕೊಂಡು ಹೊರಟುಹೋದ.

ಆ ಸಂಜೆ ಗೂಳಿಯಣ್ಣ ಗಾಡಿಯನ್ನು ಮನೆಗೆ ತರಲಿಲ್ಲ. ಸ್ಟ್ಯಾಂಡಿನಲ್ಲೇ ಬಿಟ್ಟು ನಡೆದು ಬಂದ. ಇನ್ನು ಮುಚ್ಚಿಡುವುದಾದರೂ ಯಾರಿಂದ? ಹೆಂಡತಿ ಬಾಗಿಲಲ್ಲಿ ನಿಂತು ಖಾಲಿ ಬೀದಿ ನೋಡಿದಳು.

“ಗಾಡಿ ಎಲ್ಲಿ?”

“ಇಳಿಜಾರಲ್ಲೇ ಬಿಟ್ಟೆ. ಇನ್ಮೇಲೆ ನೀನು ತಳ್ಳೋದು ಬೇಡ.”

“ಇಷ್ಟೇನಾ? ಇಷ್ಟು ಸುಲಭ ಇತ್ತಾ?” ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿಗೋ ಸಮಾಧಾನಕ್ಕೋ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಮೌನಿ ಅಂದದ್ದನ್ನು ಹೇಳಿದ. ಅವಳು ಕೇಳಿಸಿಕೊಂಡು ಒಳಗೆ ಹೋದಳು.

ಮೌನಿಗೆ ರಾತ್ರಿ ಗಾಡಿಯನ್ನು ಇಳಿಜಾರಲ್ಲಿ ಬಿಟ್ಟು ಬರುವ ಭಾಗ್ಯವೂ ಇರಲಿಲ್ಲ. ನಸುಕಿಗೇ ಹಾಲಿನ ಕ್ಯಾನು ಸಾಗಿಸುವ ಬಾಡಿಗೆ. ಡೇರಿ ಅವನ ಮನೆಯ ಪಕ್ಕದಲ್ಲೇ, ಸ್ಟ್ಯಾಂಡು ಊರಿನ ಇನ್ನೊಂದು ತುದಿಗೆ. ಗಾಡಿ ಮನೆ ಮುಂದೆಯೇ ನಿಲ್ಲಬೇಕು.

ಮರುದಿನ ನಸುಕಿನಲ್ಲಿ ಗೂಳಿಯಣ್ಣ ಆ ಬೀದಿಗೆ ನಡೆದುಕೊಂಡು ಹೋದಾಗ ಮೌನಿ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದ. ಹಿಂದೆ ಅವನ ಹೆಂಡತಿ ಒಂದು ಕೈ ಸೊಂಟಕ್ಕೆ, ಒಂದು ಕೈ ಗಾಡಿಗೆ ಕೊಟ್ಟು ನಿಂತಿದ್ದಳು.

“ನೀನು ಆಚೆ ಸರಿಯಮ್ಮ” ಎಂದ ಗೂಳಿಯಣ್ಣ.

ಅವಳು ಯಾರಿದು ಎಂಬಂತೆ ನೋಡಿದಳು, ಗುರುತು ಹಿಡಿದು ಪಕ್ಕಕ್ಕೆ ಸರಿದಳು. ಅವನು ಹೆಗಲು ಕೊಟ್ಟ. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಅಯ್ಯೋ ದೇವರೇ, ಇಷ್ಟು ಭಾರವೇ ಇದು! ಮುಂದೆ ಕೂತು ಓಡಿಸಿದ್ದ, ಬೆಂಚಿನಲ್ಲಿ ಕೂತು ಹೊಗಳಿದ್ದ; ಇಷ್ಟು ವರ್ಷದಲ್ಲಿ ಗೂಳಿಯ ಹಿಂದೆ ಅವನು ನಿಂತದ್ದು ಇದೇ ಮೊದಲು. ಕಾಲು ಊರಿ ಮತ್ತೆ ತಳ್ಳಿದ. ಎಂಜಿನ್ ಎದ್ದು ಹೊಗೆ ಮುಖಕ್ಕೆ ರಾಚಿತು. ಮೌನಿ ಕನ್ನಡಿಯಲ್ಲಿ ಅವನನ್ನು ನೋಡಿದ, ನಿಲ್ಲಿಸದೆ ಹೊರಟುಹೋದ. ನಿಲ್ಲಿಸುವ ಹಾಗಿಲ್ಲ ಎಂಬುದು ಗೂಳಿಯಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೆಮ್ಮು ನಿಲ್ಲುವ ತನಕ ಬೀದಿಯ ನಡುವೆ ನಿಂತು, ಕೆನ್ನೆಯ ಮಸಿ ಒರೆಸಿಕೊಂಡ.

“ನಾಳೆ ಎಷ್ಟು ಹೊತ್ತಿಗಮ್ಮ?” ಎಂದು ಕೇಳಿದ.

“ಇದೇ ಹೊತ್ತಿಗೆ” ಎಂದಳು ಅವಳು.