ಆದಪ್ಪ ಕಾಯ್ದ ಎಲೆ

ಜಮಖಂಡಿ ಸಂಸ್ಥಾನಕ್ಕೆ ರಾಜರಿದ್ದರು, ದಿವಾನರಿದ್ದರು. ಆದರೆ ನೇಮಿನಾಥ ವಕೀಲರ ಕಚೇರಿಯನ್ನು ಆಳುತ್ತಿದ್ದವನು ಕಾರಕೂನ ಆದಪ್ಪ. ಅವನ ಸಿಂಹಾಸನ, ಹತ್ತಿ ಹೊರಬಿದ್ದ ಒಂದು ಗಾದಿ. ಆಯುಧ, ಕಿವಿಗೆ ಸಿಕ್ಕಿಸಿದ ಬರೆಯುವ ಟಾಕು. ಸೈನ್ಯವಿರಲಿಲ್ಲ, ಕೆಮ್ಮಿತ್ತು. ಇಪ್ಪತ್ತಾರು ವರ್ಷಗಳಿಂದ, ಅವನು ಆ ಗಾದಿಯಿಂದ ಒಮ್ಮೆ ಕೆಮ್ಮಿದನೆಂದರೆ ಕಕ್ಷಿದಾರರು ಚಪ್ಪಲಿಯ ಜೊತೆ ಸುಳ್ಳನ್ನೂ ಹೊರಗೇ ಬಿಟ್ಟು ಬರುತ್ತಿದ್ದರು. ಚಪ್ಪಲಿಯನ್ನಂತೂ ಖಂಡಿತ ಬಿಡುತ್ತಿದ್ದರು.

ಆ ಕಚೇರಿಗೆ ಒಂದೇ ಕಾಯ್ದೆ. ಕಕ್ಷಿದಾರ ಎಲೆ-ಅಡಿಕೆ ಕೊಡಬೇಕು, ವಕೀಲರು ತಿನ್ನಬೇಕು. ತಿಂದ ಮೇಲೆ ಆ ವ್ಯಾಜ್ಯದಲ್ಲಿ ಎದುರಿನವರ ಕಾಗದ ಮುಟ್ಟುವಂತಿಲ್ಲ. ಕಾಯ್ದೆ ಮಾಡಿದವರು ವಕೀಲರು, ಕಾಯುವವನು ಆದಪ್ಪ.

ಒಂದು ಚತುರ್ದಶಿಯ ದಿನ ಸಾವಳಗಿಯ ಹಾಲವ್ವ ಬಂದಳು. ಗಂಡ ತೀರಿಕೊಂಡಿದ್ದ, ಪಾಲಿನ ಬಾವಿಯಲ್ಲಿ ಅವಳ ನೀರಿನ ಸರದಿಯನ್ನು ಪಕ್ಕದ ಹೊಲದ ಬಸಗೊಂಡಪ್ಪ ನುಂಗಿದ್ದ. ಸರದಿಯ ಕರಾರುಪತ್ರವನ್ನು ಗೆದ್ದಲು ತಿಂದಿದೆ ಎಂಬ ಗುಟ್ಟನ್ನೂ ಬಿಡದೆ ವಕೀಲರಿಗೆ ಹೇಳಿ, ಎಲೆ ಇಟ್ಟಳು. ವಕೀಲರು ಜೈನರು, ಚತುರ್ದಶಿಗೆ ಹಸಿರು ಎಲೆ-ಸೊಪ್ಪು ಬಾಯಿಗೆ ಮುಟ್ಟಿಸುವವರಲ್ಲ. "ನಾಳಿ ತಿಂತೀನಿ ತಂಗಿ" ಎಂದರು. ಆದಪ್ಪ ಎಲೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಹಿತ್ತಾಳೆ ಡಬ್ಬಿಯಲ್ಲಿಟ್ಟ.

ಮರುದಿನ ವಕೀಲರಿಗೆ ತೇರದಾಳದ ಬೀಗರ ಮನೆಯಲ್ಲಿ ಊಟ. ಹೋಳಿಗೆಯ ಭಾರದಲ್ಲಿ, ಕೈಗೆ ಬಂದ ವೀಳ್ಯವನ್ನು ಬಾಯಿಗೆ ಹಾಕಿಕೊಂಡರು. ಕೊಟ್ಟ ಕೈ, ಅದೇ ಊಟಕ್ಕೆ ಬಂದಿದ್ದ ಬಸಗೊಂಡಪ್ಪನದು!

"ಬಾವಿ ತಕರಾರ ಐತ್ರಿ ಸಾಹೇಬ್ರ. ನಾಳಿ ಕಾಗದ ತರ್ತೀನಿ" ಎಂದ ಆತ, ಮುಧೋಳದ ನಾಯಿ ಮೊಲ ಹಿಡಿದಷ್ಟು ಸಂತೋಷದಿಂದ.

ಮುಂಜಾನೆ ಕಚೇರಿಗೆ ಬಂದವರೇ ವಕೀಲರು ಗಂಟಲು ಸರಿಮಾಡಿಕೊಂಡರು. "ಆದಪ್ಪ, ನೇಮ ಅಂದ್ರ ನೇಮ. ಹಾಲವ್ವನ ಎಲಿ ನಾ ತಿಂದಿಲ್ಲ. ಬಸಗೊಂಡಪ್ಪಂದು ತಿಂದೀನಿ."

ಈ ಗಾದಿ ಬಿಟ್ಟರೆ ಆದಪ್ಪನಿಗೆ ಲೋಕದಲ್ಲಿ ಬೇರೆ ಗಾದಿ ಇರಲಿಲ್ಲ. ಆದರೂ ಕೆಮ್ಮಿದ. ಡಬ್ಬಿ ತಂದು ಮುಂದಿಟ್ಟ.

"ಬಾಯಿ ತಿಂದಿಲ್ಲ, ಖರೆ ರೀ. ಕಿವಿ ತಿಂದಾವಲ್ಲ? ಗೆದ್ದಲದ ಸುದ್ದಿ ನಿಮ್ಮ ಹೊಟ್ಟ್ಯಾಗ ಇಟಗೊಂಡು ಆಕಿ ಎದುರಿಗೆ ಹೆಂಗ ನಿಲ್ತೀರಿ?"

"ನನಗ ವಕೀಲಿ ಕಲಸ್ತಿಯೇನಲೇ?"

"ಇಲ್ರೀ. ನೀವ ಕಲಿಸಿದ್ದನ್ನ ನಿಮಗ ಒಪ್ಪಸಾಕತ್ತೇನಿ. ಬ್ಯಾಡಂದ್ರ ಟಾಕು ಇಲ್ಲೇ ಇಟ್ಟು ಮನಿಗೆ ಹೋಗ್ತೀನಿ."

ವಕೀಲರು ಟಾಕು ನೋಡಿದರು, ಡಬ್ಬಿ ನೋಡಿದರು. ಎಲೆಯ ಅಂಚು ತುಸು ಹಳದಿಯಾಗಿತ್ತು. ಮೆಲ್ಲಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟು ಅಗಿದರು. ಆ ಸಪ್ಪಳ ಆದಪ್ಪನಿಗೆ ಅರಮನೆಯ ನಗಾರಿಯಂತೆ ಕೇಳಿಸಿತು.

ಅಷ್ಟರಲ್ಲಿ ಬಸಗೊಂಡಪ್ಪ ಕಾಗದದ ಗಂಟಿನೊಂದಿಗೆ ಒಳಬಂದ. ವಕೀಲರ ಬಾಯಿ ತುಂಬಿತ್ತು, ಆದಪ್ಪನೇ ಮಾತಾಡಿದ.

"ಗಂಟು ಬಿಚ್ಚಬ್ಯಾಡ್ರಿ ಗೌಡ್ರ, ನಾವು ನೋಡಬಾರದು. ಹಾಲವ್ವ ನಿಮಗಿಂತ ಎರಡು ದಿನ ಮೊದಲ ಬಂದಾಳ."

"ನನ್ನ ಎಲಿ ತಿಂದಾರಲ್ಲೋ!"

"ಅದು ಊಟದ ಎಲಿ ರೀ. ಪಚನ ಆತು."

ಬಸಗೊಂಡಪ್ಪ ಓಣಿ ನಡುಗುವಂತೆ ಬೈದು, ಬೇರೆ ವಕೀಲರ ಮನೆಯ ದಾರಿ ಹಿಡಿದ. ಪತ್ರವಿಲ್ಲದಿದ್ದರೂ, ಆ ಬಾವಿಯಿಂದ ನೀರೆತ್ತಿದ ಮೂವರು ಮುದುಕರ ಸಾಕ್ಷಿಯ ಮೇಲೆ ಹಾಲವ್ವನಿಗೆ ಸರದಿ ಮರಳಿ ಬಂತು.

ವರ್ಷ ಕಳೆಯಿತು. ಬಸಗೊಂಡಪ್ಪನಿಗೂ ಅವನ ಭಾವಮೈದುನನಿಗೂ ಹೊಲದ ಗಡಿಯ ಜಗಳ ಹತ್ತಿತು. ಹೇಳಿದ ಗುಟ್ಟು ಎದುರಿನವರಿಗೆ ದಾಟದ ಕಚೇರಿ ಯಾವುದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಲವ್ವನ ಎಲೆ ಅಂದು ಚತುರ್ದಶಿಯ ದೆಸೆಯಿಂದ ಡಬ್ಬಿ ಸೇರಿದ್ದೂ ಅವನ ಕಿವಿಗೆ ಬಿದ್ದಿತ್ತು. ಒಂದು ಬೆಳಿಗ್ಗೆ ಕೈಯಲ್ಲಿ ಎಲೆ ಹಿಡಿದು ಹೊಸ್ತಿಲಲ್ಲಿ ನಿಂತ. ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ.

"ಆದಪ್ಪನವರ," ಎಂದ, "ಮೊದಲ ಇದನ್ನ ಹೇಳ್ರಿ. ಇವತ್ತ ತಿಥಿ ಯಾವುದು?"