ಸುದ್ದಿ ಹೇಳುವ ಪೂವಪ್ಪ

ಬೋಳಾರದ ಪೂವಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದು ಮುದುಕನಾದವನು. ಆದರೆ ಊರಿನವರು ಅವನನ್ನು ನೆನೆಯುತ್ತಿದ್ದದ್ದು ಸಾವಾದಾಗ. ಯಾರ ಮನೆಯಲ್ಲಿ ಯಾರು ತೀರಿಕೊಂಡರೂ ಮೊದಲು ಅವನಿಗೆ ಕರೆ ಹೋಗುತ್ತಿತ್ತು. ದೂರದ ಅಕ್ಕತಂಗಿಯರಿಗೆ, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳಿಗೆ, ಮಾತು ಬಿಟ್ಟ ದಾಯಾದಿಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ಅವನದು. ಯಾರಾದರೂ ಮಾಡಬೇಕಲ್ಲ, ಹಾಗಾಗಿ ಅವನು ಮಾಡುತ್ತಿದ್ದ.

ಅದಕ್ಕೆ ಅವನದೇ ಒಂದು ಕ್ರಮವಿತ್ತು. ಗೇಟು ತೆಗೆದವನೇ ಬಾಯಿ ಬಿಡುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಮೊದಲು ಕೇಳುವುದು, "ಊಟ ಆಯ್ತಾ?" ಆಗಿಲ್ಲ ಅಂದರೆ ಮಳೆ, ಮೀನು, ಮಕ್ಕಳ ಶಾಲೆ ಎಂದು ಏನೇನೋ ಮಾತು ತೆಗೆದು ಮನೆಯವರು ಉಣ್ಣುವ ತನಕ ಕಾಯುತ್ತಿದ್ದ. ಸುದ್ದಿ ಒಮ್ಮೆ ಕಿವಿಗೆ ಬಿದ್ದರೆ ಆ ದಿನ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲವಲ್ಲ. ಆಮೇಲೆ ಮೆಲ್ಲಗೆ, "ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ. ಜೀವ ಉಂಟು. ಹೊರಡು, ನೋಡಿಕೊಂಡು ಬರುವ" ಎನ್ನುತ್ತಿದ್ದ. ನಿಜ ಹೇಳುವುದು ಅರ್ಧ ದಾರಿ ಸಾಗಿದ ಮೇಲೆ. ಸುಳ್ಳು, ಹೌದು. ಆದರೆ ಆ ಸುಳ್ಳಿನಿಂದಾಗಿ ಎಷ್ಟೋ ಹೆಂಗಸರು ಸೀರೆ ಬದಲಿಸಿ, ಮಗುವನ್ನು ಎತ್ತಿಕೊಂಡು, ಬಾಗಿಲಿಗೆ ಬೀಗ ಹಾಕುವಷ್ಟು ಎದೆ ಗಟ್ಟಿ ಮಾಡಿಕೊಂಡಿದ್ದಾರೆ.

ಈಗಿನವರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿ? ಸತ್ತವನದೊಂದು ಹಳೆಯ ಫೋಟೋ ಹುಡುಕಿ, ಸುತ್ತ ಹೂವು, ಕೆಳಗೊಂದು ದೀಪ, ಮೇಲೆ ‘ಓಂ ಶಾಂತಿ, ಮತ್ತೆ ಹುಟ್ಟಿ ಬಾ’ ಎಂದು ಬರೆದು ಸ್ಟೇಟಸ್ಸಿಗೆ ಹಾಕಿದರೆ ಮುಗಿಯಿತು. ಮಗಳು ಆಫೀಸಿನ ಲಿಫ್ಟಿನಲ್ಲಿ ನಿಂತು ಅಪ್ಪನ ಸಾವು ನೋಡುತ್ತಾಳೆ. ಮೈಯ ಬಿಸಿ ಆರುವ ಮೊದಲೇ ಕೈಮುಗಿದ ಗುರುತುಗಳು ಸಾಲುಗಟ್ಟುತ್ತವೆ. ಯಾರು ಮೊದಲು ಹಾಕಿದರು ಎಂಬುದರಲ್ಲೂ ಪೈಪೋಟಿ. ಪೂವಪ್ಪನಿಗೆ ಕರೆ ಬರುವುದು ನಿಂತೇ ಹೋಯಿತು. ಒಳ್ಳೆಯದೇ ಆಯಿತು, ಹೇಗೂ ಕಾಲು ನೋವು, ಎಂದು ಹೇಳಿಕೊಳ್ಳುತ್ತಿದ್ದ. ಹೇಳುವಾಗ ಮುಖ ಮಾತ್ರ ಸಣ್ಣಗಾಗುತ್ತಿತ್ತು.

ಅಂಥವನಿಗೆ ಕಳೆದ ಮಳೆಗಾಲದ ಒಂದು ಬೆಳಿಗ್ಗೆ ತಂಗಿಯ ಮಗಳು ಅಕ್ಷಿತಾ ಕೊಡಿಯಾಲ್‌ಬೈಲಿನ ಆಸ್ಪತ್ರೆಯಿಂದ ಫೋನು ಮಾಡಿದಳು.

"ಮಾಮ, ರೋಷನಣ್ಣನ ಬೈಕ್ ಸ್ಕಿಡ್ ಆಗಿ ತಲೆಗೆ ಪೆಟ್ಟಾಗಿದೆ. ಐಸಿಯುನಲ್ಲಿ ಇದ್ದಾನೆ. ಡಾಕ್ಟ್ರು ಗ್ಯಾರಂಟಿ ಇಲ್ಲ ಹೇಳ್ತಾರೆ. ಒಮ್ಮೆ ಕಣ್ಣು ಬಿಟ್ಟು ‘ಅಮ್ಮ ಎಲ್ಲಿ’ ಅಂತ ಕೇಳಿದ. ಅಮ್ಮನಿಗೆ ಇನ್ನೂ ಹೇಳಲಿಲ್ಲ, ಬಿಪಿ ಅಲ್ವಾ. ನೀವೇ ಹೋಗಿ ಕರ್ಕೊಂಡು ಬನ್ನಿ."

ರೋಷನ್ ಪೂವಪ್ಪನ ತಂಗಿ ದೇಯಿಯ ಮಗ, ಅಕ್ಷಿತಾಳ ಅಣ್ಣ. ತಾಯಿಯ ಕಡೆಯಿಂದ ಕುಟುಂಬ ಲೆಕ್ಕ ಹಾಕುವ ಈ ಊರಿನಲ್ಲಿ ಅಳಿಯನೆಂದರೆ ಮಗನಿಗಿಂತ ಒಂದು ಕೈ ಹೆಚ್ಚು. ಮದುವೆಯೇ ಆಗದ ಪೂವಪ್ಪನಿಗಂತೂ ಅವನೇ ಎಲ್ಲ. ಮುದುಕ ಕೊಡೆ ಹಿಡಿದು ದೇಯಿಯ ಮನೆಯಿರುವ ಕಾವೂರಿನ ಬಸ್ಸು ಹತ್ತಿದ. ಇವತ್ತು ಸುಳ್ಳು ಹೇಳಬೇಕಾಗಿಲ್ಲ, ಹುಡುಗನಿಗೆ ನಿಜವಾಗಿಯೂ ಜೀವ ಉಂಟು, ಎಂಬುದೊಂದೇ ಅವನಿಗಿದ್ದ ಧೈರ್ಯ. ತಾಯಿ ಮಗನ ಮುಖ ನೋಡಬೇಕು, ಮಗ ತಾಯಿಯ ದನಿ ಕೇಳಬೇಕು. ಅಷ್ಟಾದರೆ ಸಾಕಿತ್ತು.

ಬಸ್ಸು ಟ್ರಾಫಿಕ್ಕಿನಲ್ಲಿ ತೆವಳುತ್ತಿದ್ದಾಗ, ಅತ್ತ ರೋಷನ್‌ನ ಕ್ರಿಕೆಟ್ ತಂಡದವನೊಬ್ಬ, ಯಾರೋ ‘ಇನ್ನು ಆಸೆ ಇಲ್ಲ’ ಎಂದದ್ದನ್ನು ಕೇಳಿ, ಹೂವಿನ ಚೌಕಟ್ಟಿನ ಫೋಟೋ ತಯಾರಿಸಿ ಸ್ಟೇಟಸ್ಸಿಗೆ ಹಾಕಿಯೇಬಿಟ್ಟ. ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಅಳುತ್ತಲೇ ಹಾಕಿದ್ದನಂತೆ. ಅಳುವವನ ಬೆರಳಿಗೂ ಇಷ್ಟು ಅವಸರ ಎಂಥದು ಎಂದು ಅವನನ್ನು ಕೇಳುವವರು ಯಾರು?

ದೇಯಿಯ ಮನೆಯ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ ಪೂವಪ್ಪನಿಗೆ ದೂರದಿಂದಲೇ ಕಂಡಿತು. ತಾನು ಬಸ್ಸಿನಲ್ಲಿದ್ದಾಗಲೇ ಹುಡುಗ ಹೋಗಿಬಿಟ್ಟನೇ? ಗೇಟಿನ ಹೊರಗೇ ನಿಂತು ಅಕ್ಷಿತಾಗೆ ಫೋನು ಮಾಡಿದ.

"ಇಲ್ಲ ಮಾಮ, ಜೀವ ಉಂಟು! ಆ ಸ್ಟೇಟಸ್ ಯಾವ ಬೇವರ್ಸಿ ಹಾಕಿದ್ದು? ಅಮ್ಮನನ್ನು ಬೇಗ ಕರ್ಕೊಂಡು ಬನ್ನಿ" ಎಂದು ಅವಳು ಕಿರುಚಿದಳು.

ಒಳಗೆ ದೇಯಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಪಕ್ಕದ ಮನೆಯ ಕುಶಲಾ ಫೋಟೋ ನೋಡಿದವಳೇ ಓಡಿಬಂದು ಅವಳನ್ನು ತಬ್ಬಿ ಅತ್ತಿದ್ದಳು. ಅವಳ ಹಿಂದೆ ಉಳಿದವರು ಬಂದಿದ್ದರು.

"ದೇಯಿ, ಏಳು. ಅದು ಸುಳ್ಳು ಸುದ್ದಿ. ರೋಷನ್‌ಗೆ ಜೀವ ಉಂಟು. ಹೊರಡು, ನೋಡಿಕೊಂಡು ಬರುವ."

ಹೇಳಿದ ಮೇಲೆ ಪೂವಪ್ಪನಿಗೆ ತನ್ನ ಮಾತು ತನಗೇ ಕೇಳಿಸಿತು. ಊರಿಡೀ ಹೇಳಿ ಸವೆಸಿದ ಅದೇ ಮಾತು, ಅದೇ ಮೆಲುದನಿ. ದೇಯಿ ತಲೆಯೆತ್ತಿದಳು.

"ಎಷ್ಟು ಮನೆಯಲ್ಲಿ ಹೀಗೆ ಹೇಳಿದ್ದೀಯ ಅಣ್ಣ? ನಮ್ಮ ಅಮ್ಮ ಹೋದಾಗ ನನಗೂ ಹೀಗೇ ಹೇಳಿದ್ದು ನೀನು. ನಾನು ಎಲ್ಲಿಗೂ ಬರುವುದಿಲ್ಲ. ಅವನನ್ನು ಇಲ್ಲಿಗೇ ತನ್ನಿ."

"ಇದು ನಿಜ ಮಾರಾಯ್ತಿ!"

"ಅವತ್ತೂ ನಿಜ ಅಂತಲೇ ಹೇಳಿದ್ದು."

ಪೂವಪ್ಪ ಮತ್ತೆ ಫೋನು ಹಚ್ಚಿದ. ಅಕ್ಷಿತಾ ನರ್ಸಿನ ಕೈಕಾಲು ಹಿಡಿದು ಒಂದು ತುಂಡು ವಿಡಿಯೋ ಮಾಡಿಸಿ ಕುಶಲಾಳ ಫೋನಿಗೆ ಕಳಿಸಿದಳು. ತಲೆಗೆ ಬ್ಯಾಂಡೇಜು, ಮೂಗಿಗೆ ನಳಿಗೆ, ಅರ್ಧ ತೆರೆದ ಕಣ್ಣು. ಬೆರಳು ಒಮ್ಮೆ ಅಲುಗಿತು. ದೇಯಿ ನೋಡಿ ಮುಖ ತಿರುಗಿಸಿದಳು.

"ಕುಶಲಾಳ ಮಾವ ಸತ್ತು ಎಷ್ಟು ಕಾಲ ಆಯ್ತು? ಮೊನ್ನೆ ಇದೇ ಫೋನಿನಲ್ಲಿ ಅವರು ನಗ್ತಾ ಕೈ ಮುಗಿದದ್ದನ್ನು ತೋರಿಸಲಿಲ್ವಾ ಇವಳು? ಒಂದು ಫೋಟೋ ಕೊಟ್ಟರೆ ಹಾಗೆ ಮಾಡಿಕೊಡ್ತದೆ ಅಂತೆ. ನನ್ನನ್ನು ಎಂತ ಮಕ್ಕಳ ಹಾಗೆ ಆಟ ಆಡಿಸುವುದು ನೀವು?"

ಹೂವಿನ ಚೌಕಟ್ಟನ್ನು ನಂಬಿದ ತಾಯಿ ಕಣ್ಣು ಬಿಟ್ಟ ಮಗನನ್ನು ನಂಬಲಿಲ್ಲ. ಫೋಟೋ ಹಾಕಿದವನು ಅಷ್ಟರಲ್ಲಿ ಅದನ್ನು ಅಳಿಸಿ ‘ಕ್ಷಮಿಸಿ, ತಪ್ಪು ಮಾಹಿತಿ’ ಎಂದು ಹಾಕಿದ್ದ. ಅದನ್ನು ಓದುವ ವ್ಯವಧಾನ ಯಾರಿಗಿತ್ತು? ಜನ ಬರುತ್ತಲೇ ಇದ್ದರು. ಯಾರೋ ಪುಣ್ಯಾತ್ಮರು ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿಗಳನ್ನೂ ತಂದು ಇಳಿಸಿದರು. ಫೋಟೋ ಹಾಕಿದ ಆ ಕಾಣದ ಹುಡುಗನ ಮೇಲೆ ಪೂವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅದೇ ಸಿಟ್ಟು ತಿರುಗಿ ತನ್ನ ಮೇಲೆ ಬಿತ್ತು. ಇಷ್ಟು ವರ್ಷ ಜೀವ ಉಂಟು, ಜೀವ ಉಂಟು ಎಂದು ಊರಿಗೆಲ್ಲ ಹಂಚಿ, ಈಗ ಬೇಕಾದಾಗ ತನ್ನ ಬಾಯಲ್ಲಿ ಬೇರೆ ಮಾತೇ ಉಳಿದಿಲ್ಲ.

ಕೊನೆಗೆ ಅವನು ತಂಗಿಯ ಎದುರು ಮೊಣಕಾಲೂರಿ ಕೂತ.

"ಮಂಗಳಾದೇವಿಯ ಆಣೆ, ದೇಯಿ. ನಾನು ಈವರೆಗೆ ಯಾರ ಮನೆಯಲ್ಲೂ ಆಣೆ ಹಾಕಿದವನಲ್ಲ. ಅವನು ನಿನ್ನನ್ನು ಕೇಳ್ತಾ ಇದ್ದಾನೆ."

ದೇಯಿ ಅವನ ಮುಖವನ್ನೇ ನೋಡಿದಳು. ಹುಟ್ಟಿದ ಲಾಗಾಯ್ತು ದೇವಿಯ ಗುಡಿಯ ಮುಂದೆ ಚಪ್ಪಲಿ ಬಿಡದೆ ದಾಟದ ಅಣ್ಣ. ಅವಳು ಎದ್ದಳು. ಉಟ್ಟ ಸೀರೆಯಲ್ಲೇ ರಿಕ್ಷಾ ಹತ್ತಿದಳು.

ಕೊಡಿಯಾಲ್‌ಬೈಲಿನಲ್ಲಿ ಕಾಲೇಜಿನ ಮಕ್ಕಳು, ಬಸ್ಸು, ಕಾರು ಎಲ್ಲ ಒಂದರ ಮೇಲೊಂದು ಬಿದ್ದು ರಸ್ತೆ ಗಂಟಾಗಿತ್ತು. ಪೂವಪ್ಪ ಮಳೆಯಲ್ಲೇ ಇಳಿದು ತಂಗಿಯ ಕೈ ಹಿಡಿದು ನಡೆಸಿಕೊಂಡು ಹೋದ. ಐಸಿಯುನ ಹೊರಗೆ ಅಕ್ಷಿತಾ ನೆಲದ ಮೇಲೆ ಕೂತಿದ್ದಳು. ಇವರನ್ನು ಕಂಡು ಏಳಲಿಲ್ಲ. ಈಗಷ್ಟೇ ಹೋದ, ಎಂದು ಮಾಮನಿಗೆ ಮಾತ್ರ ಕೇಳಿಸುವಂತೆ ಹೇಳಿದಳು.

ದೇಯಿಯನ್ನು ಒಳಗೆ ಬಿಟ್ಟರು. ಅವಳು ಮಗನ ಕೆನ್ನೆ ಮುಟ್ಟಿದಳು, ಕೈ ಮುಟ್ಟಿದಳು, ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನಿಂತಳು. ಹೊರಗೆ ಬಂದವಳು ಅಣ್ಣನ ಎದುರು ನಿಂತು ಕೇಳಿದಳು.

"ಕೈ ಇನ್ನೂ ಬಿಸಿ ಉಂಟಲ್ಲ ಅಣ್ಣ. ನೀನು ಮನೆಗೆ ಬಂದಾಗ ಅವನಿಗೆ ಜೀವ ಇತ್ತಾ?"

ಅಕ್ಷಿತಾ ಬಾಯಿ ತೆರೆದಳು. ಪೂವಪ್ಪ ಅವಳ ಹೆಗಲನ್ನು ಗಟ್ಟಿಯಾಗಿ ಅದುಮಿದ.

"ಇಲ್ಲ. ಬೆಳಿಗ್ಗೆಯೇ ಹೋಗಿದ್ದ. ಮೆಷಿನಿನ ಗಾಳಿಗೆ ಮೈ ಬಿಸಿ ಇರುವುದು. ನಾನು ಯಾವತ್ತಿನ ಹಾಗೆ ಹೇಳಿದ್ದು."

"ದೇವಿಯ ಆಣೆ ಹಾಕಿದಿಯಲ್ಲ?"

"ಸುಳ್ಳೇ ಹಾಕಿದ್ದು."

"ನನಗೆ ಆಗಲೇ ಗೊತ್ತಿತ್ತು" ಎಂದಳು ದೇಯಿ. ಅಣ್ಣನ ಎದೆಗೆ ತಲೆಯಿಟ್ಟು, ಬೆಳಿಗ್ಗೆಯಿಂದ ತಡೆಹಿಡಿದದ್ದನ್ನೆಲ್ಲ ಬಿಟ್ಟು ಅತ್ತಳು.