ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ

ಹೊರದೇಶದಲ್ಲಿ ಕೆಲಸಕ್ಕಿರುವವರು ರಜೆಗೆ ಊರಿಗೆ ಬರುವಾಗ ಚಾಕಲೇಟು, ಸೆಂಟು, ಬಾದಾಮಿ ತರುತ್ತಾರೆ. ನಾನು ಕಾಯಿಲೆಗಳನ್ನು ತರುತ್ತೇನೆ. ಮಾಲ್ದೀವ್ಸ್‌ನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಫೆಬ್ರವರಿಯಲ್ಲಿ ಹಲ್ಲು ನೋಯಲು ಶುರುವಾದರೆ, ಅದಕ್ಕೊಂದು ಲವಂಗ ಸಿಕ್ಕಿಸಿ ಸಮಾಧಾನ ಹೇಳಿ, ಡಿಸೆಂಬರಿನಲ್ಲಿ ರಾಯಚೂರಿನ ದಂತವೈದ್ಯರ ಮುಂದೆ ಬಾಯಿ ತೆರೆಯುತ್ತೇನೆ. ಕನ್ನಡಕದ ನಂಬರು ಬದಲಾದದ್ದು, ಮೊಣಕಾಲು ಕಟಕಟ ಅಂದದ್ದು, ಕುತ್ತಿಗೆಯ ಮೇಲೆ ಎದ್ದ ಗುಳ್ಳೆ, ಎಲ್ಲಕ್ಕೂ ಡಿಸೆಂಬರೇ ಗತಿ. ರಜೆಯ ಮೊದಲ ವಾರವೆಲ್ಲ ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಆಟೋದಲ್ಲಿ ಓಡಾಡುವುದರಲ್ಲಿ ಮುಗಿಯುತ್ತದೆ. ಹಿಂತಿರುಗುವಾಗ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಮತ್ತು ವರ್ಷಕ್ಕಾಗುವಷ್ಟು ಗುಳಿಗೆ.

ಆ ದ್ವೀಪದಲ್ಲಿ ಆರೋಗ್ಯ ಕೇಂದ್ರವಿಲ್ಲವೆಂದಲ್ಲ. ನಮ್ಮ ಶಾಲೆಯಿಂದ ನೂರು ಹೆಜ್ಜೆ ದೂರದಲ್ಲಿದೆ, ಡಾಕ್ಟರೂ ಒಳ್ಳೆಯವರು. ಆದರೆ ಅವರ ಮುಂದೆ ಕೂತರೆ ನನ್ನ ನೋವೆಲ್ಲ ಇಂಗ್ಲಿಷಿನಲ್ಲಿ ಬಡಕಲಾಗಿಬಿಡುತ್ತದೆ. ಹೊಟ್ಟೆಯಲ್ಲಿ ಚುಳುಚುಳು ಅನ್ನುವುದು, ತೊಡೆ ಜಗ್ಗುವುದು, ತಲೆ ದಿಮ್ಮೆನ್ನುವುದು, ಇವಕ್ಕೆಲ್ಲ ನನಗೆ ಗೊತ್ತಿರುವ ಇಂಗ್ಲಿಷ್ ಒಂದೇ: ಪೇನ್. ಅದಕ್ಕೆ ಅವರು ಕೊಡುವ ಗುಳಿಗೆಯೂ ಒಂದೇ. ಹಾಗಾಗಿ ಹನ್ನೊಂದು ವರ್ಷ ನನ್ನ ನಿಜವಾದ ಆರೋಗ್ಯ ವಿಮೆ ಎಂದರೆ ಡಿಸೆಂಬರ್ ರಜೆಯೇ ಆಗಿತ್ತು. ಕೆಲಸದ ಪರವಾನಗಿಗೆ ಬೇಕೆಂದು ಶಾಲೆಯವರು ಮಾಡಿಸಿಕೊಟ್ಟ ಪಾಲಿಸಿಯೊಂದು ಇತ್ತು. ಅದರ ಕಾರ್ಡನ್ನು ನಾನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತಿದ್ದೆ.

ಈ ಸಲ ರಜೆಗೆ ಹೊರಡುವ ಹಿಂದಿನ ದಿನ ಆಫೀಸಿನಿಂದ ಈಮೇಲ್ ಬಂತು. ಇನ್ನು ಮುಂದೆ ಶಿಕ್ಷಕರೇ ತಮಗೆ ಬೇಕಾದ ಯೋಜನೆಯನ್ನು ಆರಿಸಿಕೊಳ್ಳಬೇಕು, ಅಲ್ಲಿಯ ಕಂಪನಿಯೊಂದು ಮೂರು ಯೋಜನೆ ಕೊಟ್ಟಿದೆ, ರಜೆ ಮುಗಿಯುವುದರೊಳಗೆ ಅರ್ಜಿ ತುಂಬಿ ಕಳಿಸಿ ಎಂದು. ಮೊದಲನೆಯದು ಅಗ್ಗದ್ದು: ಇರುವ ದ್ವೀಪದಲ್ಲೇ ಔಷಧಿ, ಅಲ್ಲೇ ಹಾಸಿಗೆ. ಎರಡನೆಯದರಲ್ಲಿ ಜೀವಕ್ಕೆ ಕುತ್ತು ಬಂದರೆ ವೇಗದ ದೋಣಿಯಲ್ಲಿ ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಒಯ್ಯುವ ವ್ಯವಸ್ಥೆಯೂ ಉಂಟು. ಮೂರನೆಯದರಲ್ಲಿ ಕಣ್ಣು, ಹಲ್ಲು, ಹೆರಿಗೆ ಎಲ್ಲವೂ ಸೇರಿವೆ. ನಲವತ್ನಾಲ್ಕರ ಅವಿವಾಹಿತೆಗೆ ಹೆರಿಗೆಯ ಆಮಿಷ ಒಡ್ಡಿದ ಕಂಪನಿಯ ಆಶಾವಾದವನ್ನು ಮೆಚ್ಚಿಕೊಂಡೆ. ಆದರೂ ಮನಸ್ಸು ಅಗ್ಗದ್ದರ ಮೇಲೆಯೇ ಇತ್ತು. ದೊಡ್ಡ ಕಾಯಿಲೆ ಏನಿದ್ದರೂ ರಾಯಚೂರಿಗೆ ತರುವವಳಿಗೆ ದೋಣಿ ಯಾಕೆ?

ವಿಮೆ ಎನ್ನುವುದು ಹುಟ್ಟಿದ್ದೇ ಹಡಗು ಕಳಿಸುವ ವರ್ತಕರಿಂದ ಎನ್ನುತ್ತಾರೆ. ಯಾವ ಹಡಗು ಮುಳುಗುತ್ತದೆಂದು ಯಾರಿಗೂ ಗೊತ್ತಿಲ್ಲ, ಆದರೆ ನೂರರಲ್ಲಿ ಎಷ್ಟು ಮುಳುಗುತ್ತವೆಂದು ಅಂದಾಜಿರುತ್ತದೆ. ಇದನ್ನೇ ನಾನು ಹತ್ತನೆಯ ತರಗತಿಯಲ್ಲಿ ಚೀಲದೊಳಗೆ ಕೆಂಪು ಚೆಂಡು, ಬಿಳಿ ಚೆಂಡು ಹಾಕಿಸಿ ಕಲಿಸುತ್ತೇನೆ. ಮಕ್ಕಳು ಒಮ್ಮೆಯೂ ಕೇಳದ ಪ್ರಶ್ನೆಯನ್ನು ಈ ಅರ್ಜಿ ನನಗೆ ಕೇಳಿತು: ಚೀಲದಲ್ಲಿ ನೀನು ಯಾವ ಚೆಂಡು?

ಅರ್ಜಿಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ, ನಿಮಗೆ ಯಾವುದಾದರೂ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ ಎಂದು ಕೇಳಿದ್ದರು. ಇಲ್ಲಿ ನನ್ನ ಕಳ್ಳತನವನ್ನು ಹೇಳಲೇಬೇಕು. ಮೂರು ತಿಂಗಳಿನಿಂದ ಶಾಲೆಯ ಎರಡನೇ ಮಹಡಿ ಹತ್ತಿದರೆ ನನ್ನ ಎದೆ ಬಿಗಿಯುತ್ತಿತ್ತು. ಎಡ ಹೆಗಲಿನಿಂದ ಮೊಣಕೈವರೆಗೆ ಯಾರೋ ಹಿಡಿದು ಎಳೆದಂತೆ. ಎರಡು ನಿಮಿಷ ನಿಂತರೆ ಹೋಗುತ್ತಿತ್ತು. ಗ್ಯಾಸ್ ಎಂದುಕೊಂಡು ಡಿಸೆಂಬರಿಗೆ ಇಟ್ಟಿದ್ದೆ. ಆದರೆ ರಾಯಚೂರಿಗೆ ಬಂದ ಮೇಲೂ ತೋರಿಸಲಿಲ್ಲ. ತೋರಿಸಿದರೆ ವೈದ್ಯರು ಏನಾದರೂ ಹೇಳುತ್ತಾರೆ, ಹೇಳಿದರೆ ಅರ್ಜಿಯಲ್ಲಿ ಬರೆಯಬೇಕು. ಮೊದಲು ಅರ್ಜಿ ಕಳಿಸಿ ಆಮೇಲೆ ತೋರಿಸಿಕೊಂಡರೆ, 'ವೈದ್ಯರು ಹೇಳಿಲ್ಲ' ಎನ್ನುವುದು ಅಕ್ಷರಶಃ ಸತ್ಯವೇ ಅಲ್ಲವೇ? ಮೂವತ್ತು ಮಕ್ಕಳ ಕಾಪಿ ಹಿಡಿಯುವ ಟೀಚರಿಗೆ ಇಂಥದ್ದೆಲ್ಲ ಚೆನ್ನಾಗಿ ಹೊಳೆಯುತ್ತದೆ.

ಎರಡನೆಯ ಭಾಗ ನನ್ನನ್ನು ಕಟ್ಟಿಹಾಕಿತು. ಅಪ್ಪ, ಅವ್ವ, ಒಡಹುಟ್ಟಿದವರು, ಅಜ್ಜ, ಅಜ್ಜಿ. ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ತೀರಿಕೊಂಡರು. ಖಾಲಿ ಬಿಟ್ಟರೆ ಕಂಪ್ಯೂಟರು ಕೆಂಪಗಾಗಿ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ. ಅಪ್ಪನದು ನನಗೆ ಗೊತ್ತಿತ್ತು. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಅಪ್ಪ, ನಾನು ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದ ಬೇಸಿಗೆಯಲ್ಲಿ, ನಲವತ್ತೆಂಟಕ್ಕೆ, ಬಿಸಿಲು ಬಡಿದು ಹೋದ. ರಾಯಚೂರಿನ ಮೇ ತಿಂಗಳು ಕಂಡವರು ಯಾರೂ ಇದನ್ನು ಪ್ರಶ್ನಿಸಲಾರರು. ಉಳಿದವರ ಬಗ್ಗೆ ಅವ್ವನನ್ನು ಕೇಳಿದೆ. ಅವ್ವ ರಾಯಚೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ.

"ಸತ್ತೋರ ರೋಗ ತೊಗೊಂಡು ಅವರೇನು ಮಾಡ್ತಾರ? ಇದ್ದೋರದು ಬರಿ ಸಾಕು," ಎಂದು ಅವಳು ಅಡುಗೆಮನೆಗೆ ಎದ್ದು ಹೋದಳು.

ಹಾಗಾಗಿ ದೇವದುರ್ಗದ ಬಸ್ಸು ಹತ್ತಿದೆ. ರಸ್ತೆಯುದ್ದಕ್ಕೂ ಹತ್ತಿ ತುಂಬಿದ ಟ್ರ್ಯಾಕ್ಟರುಗಳು, ಬದಿಯ ಜಾಲಿಗಿಡಗಳಿಗೆಲ್ಲ ಹತ್ತಿ ಸಿಕ್ಕಿಕೊಂಡಿತ್ತು. ಅಲ್ಲಿ ಅಪ್ಪನ ತಮ್ಮ, ನನ್ನ ತಿಮ್ಮಪ್ಪ ಕಾಕಾ ಇದ್ದಾನೆ. ಕಾಲೇಜೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಅರ್ಜಿ ಎಂದರೆ ಅವನಿಗೆ ಹಬ್ಬ. ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತ.

"ಮುತ್ಯಾಗ ಏನಾಗಿತ್ತು ಕಾಕಾ?" ಅಜ್ಜನಿಂದಲೇ ಶುರುಮಾಡಿದೆ.

"ಏನೂ ಆಗಿರಲಿಲ್ಲ. ಎರಡು ರೊಟ್ಟಿ ಉಂಡ, ಬೀಡಿ ಹಚ್ಚಿದ, ಗ್ವಾಡಿಗಿ ಆತ್ಕೊಂಡು ಕುಂತ, ಹೋದ."

"ಏನೂ ಆಗದ ಯಾರರ ಹೋಗ್ತಾರೇನು?"

"ನಮ್ಮಪ್ಪ ಹೋದ್ನಲ್ಲಬೇ!"

ಮುತ್ಯಾನ ಅಣ್ಣ, ದೊಡ್ಡ ಮುತ್ಯಾ, ಹುಗ್ಗಿ ಉಂಡು ಮಲಗಿದವನು ಏಳಲಿಲ್ಲ. ಮುತ್ಯಾನ ತಮ್ಮ ಮಸರಕಲ್ಲಿನ ಬೀಗರ ಮನೆಯಲ್ಲಿ ಮಜ್ಜಿಗೆ ಕೇಳಿ, ಕುಡಿದು, ಲೋಟ ಕೆಳಗಿಟ್ಟು ಹೋದ. ನಮ್ಮ ವಂಶದ ಸಾವುಗಳೆಲ್ಲ ಹೀಗೆ ಊಟದಿಂದ ಶುರುವಾಗಿ ನಡುವೆ ಏನೂ ಇಲ್ಲದೆ ಮುಗಿಯುತ್ತವೆ. ಕಾಕಾ ಸ್ವತಃ ದಿನಕ್ಕೆರಡು ಬಿಪಿ ಗುಳಿಗೆ ನುಂಗುತ್ತಾನೆ. ಅದನ್ನು ಬರೆದುಕೊಳ್ಳಲೇ ಎಂದರೆ ತಡೆದ. "ಗುಳಗಿ ತೊಗೊಂಡ್ರ ಬಿಪಿ ಇರಂಗಿಲ್ಲ. ಇಲ್ಲ ಅಂದಮ್ಯಾಲ ಇಲ್ಲ ಅಂತನೇ ಬರಿ."

ನಗು ಬಂದರೂ ಬಸ್ ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದಾಗ ಕಾಕಾನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಮ್ಮದು ಮೂರು ತಲೆಮಾರು ಕೂಲಿ ಮಾಡಿದ ಮನೆ. ಅಂಥ ಮನೆಯಲ್ಲಿ ಕಾಯಿಲೆ ಎನ್ನುವುದು ಮಲಗಿದ ಮೇಲೆ ಶುರುವಾಗುತ್ತದೆ. ನಿಂತಿರುವ ತನಕ ಅದರ ಹೆಸರು ದಣಿವು. ಮಲಗಿದ ದಿನ ಕೂಲಿ ಇಲ್ಲವಾದ್ದರಿಂದ ಯಾರೂ ಮಲಗುತ್ತಿರಲಿಲ್ಲ, ಮಲಗಿದವರು ಏಳುತ್ತಿರಲಿಲ್ಲ. ನಡುವಿನ ಕಾಯಿಲೆಯನ್ನು ನೋಡಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ನೋಡಿದರೆ ನನ್ನ ಮುತ್ಯಾ ಹೇಗೆ ಸತ್ತನೆಂದು ಇಷ್ಟು ವಿಚಾರಿಸಿದ ಮೊದಲ ಸಂಸ್ಥೆ ಈ ವಿಮಾ ಕಂಪನಿಯೇ. ಅಜ್ಜಿಯದು ಅಕ್ಕನಿಗೇ ಗೊತ್ತು, ಮಾನ್ವಿಗೆ ಹೋಗು ಎಂದಿದ್ದ ಕಾಕಾ. ಹೋದೆ.

ಮಾನ್ವಿಯಲ್ಲಿರುವ ಈರಮ್ಮತ್ತೆ ಅಪ್ಪನ ಅಕ್ಕ. ಅಂಗನವಾಡಿಯಲ್ಲಿ ದುಡಿದವಳು, ಮಾತು ಕಡಿಮೆ. ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಅಜ್ಜಿಗೆ ಕೊನೆಗೆ ಕಾಲು ಬಾತಿದ್ದನ್ನು, ಮುತ್ಯಾ ಬೀಡಿ ಹಚ್ಚುವ ಮೊದಲು ಎದೆ ಒತ್ತಿಕೊಂಡದ್ದನ್ನು ಒಂದೊಂದಾಗಿ ಹೇಳಿದಳು. ನಾನು ಬರೆದುಕೊಂಡೆ. ಆಮೇಲೆ ಕೇಳಿದಳು, "ನಿಮ್ಮಪ್ಪಂದು ಏನು ಬರದಿ?"

"ಬಿಸಿಲು ಬಡೀತು ಅಂತ."

ಮೊರ ಕೆಳಗಿಟ್ಟಳು. "ಬಿಸಿಲಲ್ಲವ್ವ ಅದು."

ಸಾಯುವುದಕ್ಕೆ ಎಂಟು ದಿನ ಮೊದಲು ಅಪ್ಪ ಮಾನ್ವಿಗೆ ಬಂದಿದ್ದನಂತೆ. "ಎದಿ ಹಿಂಡಿದಂಗ ಆಗಾಕತ್ತದ ಅಕ್ಕಾ, ಎಡಗೈ ಜಗ್ಗತದ ಅಂದ. ಉಪ್ಪು ಹುರದು ಅರಿವ್ಯಾಗ ಕಟ್ಟಿ ಕಾವು ಕೊಟ್ಟೆ. ದವಾಖಾನಿಗಿ ನಡಿ ಅಂದೆ. ನಮ್ಮ ಸುಜಾತಾಂದು ಬಿ.ಎಸ್ಸಿ. ಪರೀಕ್ಷಾ ನಡದಾವ, ಮುಗದಮ್ಯಾಲ ತೋರಿಸ್ತೀನಿ, ಮನ್ಯಾಗ ಹೇಳಬ್ಯಾಡ ಅಂದ."

"ಇಷ್ಟು ವರ್ಷ ನೀ ಯಾಕ ಹೇಳಲಿಲ್ಲತ್ತಿ?"

"ಯಾರರ ಕೇಳಿದ್ರ ಹೇಳ್ತಿದ್ದೆ. ಎಲ್ಲಾರೂ ಬಿಸಿಲು ಬಿಸಿಲು ಅಂದ್ರು. ಯಾರೂ ಕೇಳಲಿಲ್ಲ."

ನನಗೆ ಸಿಟ್ಟು ಬಂತು. ಮೊದಲು ಅತ್ತೆಯ ಮೇಲೆ, ಆಮೇಲೆ ಅಪ್ಪನ ಮೇಲೆ, ಕೊನೆಗೆ ಆ ಪರೀಕ್ಷೆಯ ಮೇಲೆ. ಅಪ್ಪ ಹೋದ ದಿನ ಎರಡು ಪೇಪರು ಉಳಿದಿದ್ದವು. ಎರಡು ಪೇಪರಿನ ಸಲುವಾಗಿ ಒಬ್ಬ ಮನುಷ್ಯ ತನ್ನ ಎದೆಯನ್ನು ಕಾಯಿಸುತ್ತಾನೆಯೇ? ಸಿಟ್ಟಿನಲ್ಲಿಯೇ ನನ್ನದೂ ಬಾಯಿಗೆ ಬಂತು. ಮೆಟ್ಟಿಲು, ಬಿಗಿತ, ಹೆಗಲು ಎಲ್ಲ ಹೇಳಿಬಿಟ್ಟೆ. ಅತ್ತೆ ನನ್ನ ಎಡಗೈ ಹಿಡಿದುಕೊಂಡಳು. ಅವಳನ್ನು ಸಮಾಧಾನ ಮಾಡಲೆಂದು ನಾನು, "ಏನಿಲ್ಲತ್ತಿ, ಈ ಫಾರ್ಮೊಂದು ಮುಗೀಲಿ, ಆಮ್ಯಾಲ ರಾಯಚೂರಾಗ ತೋರಿಸ್ತೀನಿ" ಎಂದೆ. ಹೇಳಿ ಮುಗಿಸಿದ ಮೇಲೆ ಆ ವಾಕ್ಯ ಯಾರದೆಂದು ಇಬ್ಬರಿಗೂ ಗೊತ್ತಾಯಿತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಮೆಟ್ಟು ಹಾಕ್ಕೋ."

ಮಾನ್ವಿಯ ಸಣ್ಣ ದವಾಖಾನೆಯಲ್ಲಿ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಅಲ್ಲಿಯ ಡಾಕ್ಟರು ಕಾಗದವನ್ನು ಎರಡು ಸಲ ನೋಡಿ, ಇವತ್ತೇ ರಾಯಚೂರಿಗೆ ಹೋಗಿ ಎಂದರು. ಅತ್ತೆ ನನ್ನ ಜೊತೆಗೇ ಬಸ್ಸು ಹತ್ತಿ, ದಾರಿಯುದ್ದಕ್ಕೂ ನನ್ನ ಬ್ಯಾಗನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದರಲ್ಲಿ ಒಂದು ನೀರಿನ ಬಾಟಲಿ, ನಾನು ಬರೆದುಕೊಂಡ ಹಾಳೆ ಬಿಟ್ಟರೆ ಬೇರೇನೂ ಇರಲಿಲ್ಲ.

ದಾರಿಯಲ್ಲಿ ನನ್ನ ಚಿಂತೆ ಇನ್ನೊಂದಕ್ಕೆ ಹೊರಳಿತು. ಅವ್ವನಿಗೆ ಹೇಳುವುದೋ ಬೇಡವೋ? ಗಂಡ ತನ್ನಿಂದ ಮುಚ್ಚಿಟ್ಟನೆಂದು ಇಪ್ಪತ್ನಾಲ್ಕು ವರ್ಷದ ಮೇಲೆ ತಿಳಿಸಿ ಏನು ಸಾಧಿಸಿದಂತಾಗುತ್ತದೆ? ಹೇಳಬಾರದೆಂದೇ ನಿರ್ಧರಿಸಿದ್ದೆ. ಆದರೆ ರಾಯಚೂರಿನ ಹೃದಯದ ಡಾಕ್ಟರು, ಸುದ್ದಿ ಕೇಳಿ ಬಂದ ಅವ್ವ ನನ್ನ ಪಕ್ಕದಲ್ಲಿ ಕೂತಿರುವಾಗಲೇ, "ಮನ್ಯಾಗ ಯಾರಿಗರ ಹಾರ್ಟಿನ ತೊಂದ್ರಿ ಇತ್ತೇನ್ರಿ?" ಎಂದು ಕೇಳಿದರು.

"ಇಲ್ರೀ ಡಾಕ್ಟರೇ. ನಮ್ಮ ಮನ್ಯಾಗ ಯಾರಿಗೂ ಏನೂ ಆಗಿರಲಿಲ್ಲ," ಎಂದಳು ಅವ್ವ.

ಆ ಉತ್ತರದ ಮೇಲೆ ನನ್ನ ಔಷಧಿ ನಿಂತಿತ್ತು. ನಾನು, "ಅಪ್ಪಗ ಆಗಿತ್ತು ಸರ್, ನಲವತ್ತೆಂಟಕ್ಕ," ಎಂದೆ. ಅವ್ವ ನನ್ನ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದಳು.

ನನ್ನ ಕಥೆ ಸುಲಭದಲ್ಲಿ ಮುಗಿಯಿತು. ಆಂಜಿಯೋಗ್ರಾಂ ಆಯಿತು. ಒಂದು ರಕ್ತನಾಳ ಅರ್ಧದಷ್ಟು ಕಿರಿದಾಗಿದೆ, ಸದ್ಯಕ್ಕೆ ಸ್ಟೆಂಟು ಬೇಡ, ಗುಳಿಗೆ ತಪ್ಪಿಸಬೇಡಿ, ಬಿಗಿತ ಬಂದರೆ ಕಾಯಬೇಡಿ ಎಂದರು. ಮನೆಗೆ ಬಂದು ಅರ್ಜಿಯಲ್ಲಿ ಹೌದು ಎನ್ನುವಲ್ಲೆಲ್ಲ ಹೌದು ಎಂದೆ. ಯೋಜನೆ ಎರಡನೆಯದು, ದೋಣಿ ಇರುವಂಥದು. ಹೃದಯವೊಂದು ಡಿಸೆಂಬರಿನ ಮಾತು ಕೇಳುವುದಿಲ್ಲ. ಇಷ್ಟೆಲ್ಲ ನಿಜ ಹೇಳಿದ್ದಕ್ಕೆ ಕಂಪನಿ ಕಂತು ಏರಿಸುತ್ತದೆ, ಹೃದಯದ ಚಿಕಿತ್ಸೆಯ ಹಣಕ್ಕೆ ಒಂದು ವರ್ಷ ಕಾಯಿಸಲೂಬಹುದು. ಏರಿಸಲಿ, ಕಾಯಿಸಲಿ. ಸುಳ್ಳು ಬರೆದು ಕೊಂಡ ದೋಣಿ ಕರೆದ ದಿನ ಬರುವುದಿಲ್ಲ, ಇಷ್ಟು ಲೆಕ್ಕ ನನಗೆ ಬರುತ್ತದೆ.

ಎರಡು ದಿನ ಅವ್ವ ಅಡುಗೆ ಮಾಡಿದಳು, ಬಡಿಸಿದಳು. ಮೂರನೆಯ ದಿನ ಮಧ್ಯಾಹ್ನ ನಾನು ಅರ್ಜಿ ಕಳಿಸಲೆಂದು ಲ್ಯಾಪ್‌ಟಾಪ್ ತೆರೆದು ಕೂತಾಗ ಬಂದು ಪಕ್ಕದಲ್ಲಿ ನೆಲಕ್ಕೆ ಕೂತಳು.

"ಅವತ್ತು ಮನ್ಯಾಗ ಚಿಮಣಿ ಎಣ್ಣಿ ತೀರಿತ್ತು," ಅಂದಳು. "ನಿಮ್ಮಪ್ಪ ಡ್ಯೂಟಿ ಮುಗಿಸಿ ಬಂದು ಕುಂತಿದ್ದ. ನಾನೇ ಎಬ್ಬಿಸಿ ರೇಷನ್ ಅಂಗಡಿಗಿ ಕಳಿಸಿದ್ದೆ. ಹನ್ನೆರಡು ಗಂಟಿ ಬಿಸಿಲಾಗ. ಸಂಜಿಕಿ ಹೋಗ್ತೀನಿ ಅಂದ, ನಾ ಕೇಳಲಿಲ್ಲ."

ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ತಮ್ಮನಿಗೂ ಗೊತ್ತಿರಲಿಲ್ಲ. ಬಿಸಿಲು ಬಡಿಯಿತು ಎಂದು ನಾವೆಲ್ಲ ಸಲೀಸಾಗಿ ಹೇಳಿಕೊಂಡು ತಿರುಗುತ್ತಿದ್ದಾಗ, ಪ್ರತಿ ಸಲವೂ ಆ ಬಿಸಿಲಿಗೆ ಅಪ್ಪನನ್ನು ಕಳಿಸಿದವಳು ತಾನೇ ಎಂದು ಅವಳಿಗೆ ಕೇಳಿಸುತ್ತಿತ್ತು. ಅದನ್ನು ಹೊತ್ತುಕೊಂಡೇ ಅವಳು ನಮ್ಮನ್ನು ಓದಿಸಿದ್ದಳು.

"ಎಂಟು ದಿನ ಮೊದಲೇ ಇತ್ತಂತ ಅವ್ವಾ. ಅತ್ತಿಗಿ ಹೇಳಿದ್ನಂತ. ಬಿಸಿಲಿಂದ ಆಗಿದ್ದಲ್ಲ ಅದು."

"ಫಾರ್ಮಿನ್ಯಾಗ ಹಂಗ ಬರದಿಯೇನು?"

"ಬರದೀನಿ."

"ಓದು."

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿದೆ. ತಂದೆ, ವಯಸ್ಸು ನಲವತ್ತೆಂಟು, ಸಾವಿಗೆ ಕಾರಣ ಹೃದಯದ ಕಾಯಿಲೆ. ಅವ್ವ ಪರದೆಯ ಮೇಲಿನ ತನಗೆ ಬಾರದ ಅಕ್ಷರಗಳನ್ನು ಬಗ್ಗಿ ನೋಡಿದಳು.

"ಇನ್ನೊಮ್ಮೆ ಓದು," ಅಂದಳು.